ತೆಳುಗೋಡೆಯ ಜೀವಾಣುವನ್ನು ಸುಡದಿರುವ ಬಗ್ಗೆ

ಇಂದ:
ನವ್ಯಶ್ರೀ, ಪ್ರಯೋಗಾಲಯ ವಿಭಾಗ,
ಟೇಸ್ಟಿಂಗ್ ಪೌಡರ್ ಕಾರ್ಖಾನೆ, ದೊಡ್ಡಬಳ್ಳಾಪುರ.

ಗೆ:
ಶ್ರೀ ಕೆಂಪರಾಜ್, ಜನರಲ್ ಮ್ಯಾನೇಜರ್ ಹಾಗೂ ತಮ್ಮನ್ನು ತಾವೇ ನೇಮಿಸಿಕೊಂಡ ದೃಷ್ಟಿ ನಿವಾರಣಾಧಿಕಾರಿ,
ಅದೇ ಕಾರ್ಖಾನೆ.

ವಿಷಯ: ಗ್ಲುಟಮೇಟ್ ಕೊಡುವ ಜೀವಾಣುವಿಗೆ ವಿಧಿಸಿರುವ ಮರಣದಂಡನೆ ರದ್ದುಪಡಿಸುವ ಕುರಿತು.

ಉಲ್ಲೇಖ: ಅಮಾವಾಸ್ಯೆಯ ಮರುದಿನದ ತಮ್ಮ ಮೌಖಿಕ ಆದೇಶ (ಕ್ಯಾಂಟೀನಿನವರೆಗೂ ಕೇಳಿಸಿದ್ದು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ತಿಳಿವಳಿಕೆಗೆ ಅಲ್ಲದಿದ್ದರೂ ಕಡತಕ್ಕಾದರೂ ಇರಲಿ ಎಂದು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಮ್ಮ ಜೀವಾಣುವಿನ ಒಂದು ಜೀನ್ ರೂಪಾಂತರಗೊಂಡಿದೆ. ಹೊರಗೋಡೆಯನ್ನು ಗಟ್ಟಿಯಾಗಿ ಕಟ್ಟುವುದು ಆ ಜೀನಿನ ಕೆಲಸ. ಅದು ಕೆಟ್ಟ ಕಾರಣ ಗೋಡೆ ತೆಳುವಾಗಿದೆ. ಸ್ವಲ್ಪ ಬಿಸಿ ತಾಗಿಸಿದರೆ ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಧಾರಾಳವಾಗಿ ಹೊರಕ್ಕೆ ಸೋರುತ್ತದೆ. ಗೋಬಿ ಮಂಚೂರಿ ಗಾಡಿಗೆ ಹೋಗುವ ಪೌಡರ್ ಅದರಿಂದಲೇ ಆಗುವುದು. ಗಟ್ಟಿ ಗೋಡೆಯವು ಮಾಡಿದ್ದನ್ನೆಲ್ಲ ಒಳಗೇ ಇಟ್ಟುಕೊಂಡು ಕೂರುತ್ತವೆ. ಆದ್ದರಿಂದ ತಾವು ದೋಷ ಎನ್ನುವುದೇ ನಮ್ಮೆಲ್ಲರ ಸಂಬಳ.

2. ಹೊಸಕೋಟೆಯ ವರ್ತಕರು ಬಂದು ಇಳುವರಿ ಹೊಗಳಿ ಹೋದ ಮರುದಿನ ಟ್ಯಾಂಕಿನ ಮೋಟಾರ್ ಸುಟ್ಟುಹೋಯಿತು. ಮೋಟಾರಿಗೆ ಎಣ್ಣೆ ಹಾಕಿಸಿರಲಿಲ್ಲ. ಆದರೂ ಅಮಾವಾಸ್ಯೆಯಂದು ತಾವು ಮೊಟ್ಟೆ ನಿವಾಳಿಸಿದಿರಿ. ಎಲ್ಲರೂ ಗೇಟಿನ ಮುಂದೆ ಒಡೆಯುತ್ತಾರೆ. ತಾವು, "ದೃಷ್ಟಿ ಗೇಟ್‌ಗಾಗಿಲ್ಲ ಕಣಮ್ಮಾ, ಒಳಗಿರೋ ಹುಳಕ್ಕಾಗೈತೆ. ಒಳಕ್ಕೇ ಒಡೀಬೇಕು," ಎಂದು ಜೀವಾಣು ಬೆಳೆಸುವ ಬೀಜದ ಟ್ಯಾಂಕಿನ ಮುಚ್ಚಳ ತೆಗೆಸಿ ಅರ್ಧ ಡಜನ್ ಒಡೆದಿರಿ.

3. ಮೊಟ್ಟೆಯ ಬಿಳಿಭಾಗದಲ್ಲಿ ಲೈಸೊಜೈಮ್ ಇದೆ. ಜೀವಾಣುಗಳ ಗೋಡೆ ಕೆಡವುವುದೇ ಅದರ ಕಸುಬು. ಗಟ್ಟಿಯವು ತಡೆದುಕೊಂಡಾವು, ನಮ್ಮದು ಕರಗಿ ನೀರಾಯಿತು. ತಮ್ಮ ಎಂ.ಎಸ್ಸಿ.ಯಲ್ಲಿ ಇದನ್ನು ಹೇಳಿಕೊಟ್ಟ ದಿನ ತಾವು ರಜೆಯಲ್ಲಿದ್ದಿರಬಹುದು.

4. ಆಮೇಲೆ ತಾವು ನನ್ನನ್ನು ಕರೆದು, "ಏನಮ್ಮಾ, ಆರು ಮೊಟ್ಟೆಗೇ ಕರಗೋಯ್ತಲ್ಲ ನಿನ್ನ ಹುಳ! ಇಂಥ ಕೈಲಾಗದ್ದನ್ನ ಸಾಕ್ಕೊಂಡು ಕೂತಿದ್ದೀಯಾ? ಉಳಿದಿರೋದ್ನೂ ಸುಟ್ಟಾಕು. ಗಟ್ಟಿಮುಟ್ಟಾಗಿರೋದು ತರ್ಸೋಣ," ಎಂದಿರಿ.

"ಸಾರ್, ಗಟ್ಟಿಯಾಗಿದ್ರೆ ಏನೂ ಬಿಟ್ಕೊಡಲ್ಲ ಸಾರ್," ಎಂದೆ.

"ನಂಗೇ ಪಾಠ ಮಾಡ್ತೀಯಾ?" ಎಂದಿರಿ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಜೀವಾಣುವನ್ನು ಸಾವಿರಾರು ತಟ್ಟೆಗಳಲ್ಲಿ ಹುಡುಕಿ ಆರಿಸಿದವಳು ನಾನು. ಈಗ ಉಳಿದಿರುವುದು ಫ್ರೀಜರಿನಲ್ಲಿರುವ ಒಂದೇ ಶೀಶೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ಪದ್ಧತಿಯೇ ಇರಬಹುದು. ಆದರೆ ಇಲ್ಲಿ ಎಮ್ಮೆ ಹಾಲು ಕೊಡುತ್ತಿದೆ ಎಂಬುದನ್ನು ಗಮನಿಸಬೇಕು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಸದರಿ ಶೀಶೆಯನ್ನು ಉಳಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ, ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ನವ್ಯಶ್ರೀ

ಅಡಕ:
ಅ) ಟ್ಯಾಂಕಿನ ತಳದಿಂದ ತೆಗೆದ ಮೊಟ್ಟೆಯ ಸಿಪ್ಪೆ.
ಆ) ಲೈಸೊಜೈಮ್ ಕುರಿತ ಪಾಠದ ಜೆರಾಕ್ಸ್, ದಪ್ಪ ಅಕ್ಷರದಲ್ಲಿ.

ವಿ.ಸೂ.: ಸುಟ್ಟೇ ತೀರುವುದಾದರೆ ಸುಡುವ ಯಂತ್ರದ ಗುಂಡಿ ಒತ್ತಲು ತಾವೇ ಬರಬೇಕು, ನಾನು ಒತ್ತುವುದಿಲ್ಲ. ಆ ಶೀಶೆ ಬಿಟ್ಟರೆ ಈ ಜೀವಾಣು ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಬರುವಾಗ ದಯವಿಟ್ಟು ಮೊಟ್ಟೆ ಮುಟ್ಟಿದ ಕೈ ತೊಳೆದುಕೊಂಡು ಬರುವುದು.