ಮಲೇಷಿಯಾದಿಂದ ಹಾಕಿದ ಕೊಂಡಿ

ನಾನು ಮಲೇಷಿಯಾಕ್ಕೆ ಹೋಗಿ ಬಂದವನು. ಎಂಟು ದಿನ ಇದ್ದೆ. ಅಲ್ಲಿ ಏನೇನು ನೋಡಿದಿರಿ ಎಂದು ಇಳಕಲ್ಲಿನಲ್ಲಿ ಯಾರೇ ಕೇಳಿದರೂ ಒಂದು ಸೋಫಾ ನೋಡಿದೆ ಎನ್ನುತ್ತೇನೆ. ನಾನು ಹಾಸ್ಯ ಮಾಡುತ್ತಿದ್ದೇನೆ ಅಂದುಕೊಂಡು ಜನ ನಗುತ್ತಾರೆ. ನಾನು ನಿಜವಾಗಿ ಹಾಸ್ಯ ಮಾಡಿದಾಗ ಇದೇ ಜನ ನಗುವುದಿಲ್ಲ, ಅದು ಬೇರೆ ಮಾತು.

ಕ್ವಾಲಾಲಂಪುರದಲ್ಲಿ ಕೈಮಗ್ಗದ ಪ್ರದರ್ಶನ ಇದೆ, ಇಳಕಲ್ ಸೀರೆಯವರು ಇಬ್ಬರು ಬರಬೇಕು ಎಂದು ಕಾಗದ ಬಂತು. ಒಬ್ಬ ನಾನು (ಬಸವಂತ, ವಯಸ್ಸು ಐವತ್ತೆರಡು, ಮೂವತ್ತು ವರ್ಷದಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು). ಇನ್ನೊಬ್ಬ ಸೀರೆ ವ್ಯಾಪಾರದ ದುಂಡೇಶ. ಹೋಗಿ ಬರುವ ಖರ್ಚೆಲ್ಲ ಕರೆದವರದೇ. ಪುಕ್ಕಟೆ ಎಂಬ ಮಂತ್ರ ಕಿವಿಗೆ ಬಿದ್ದ ಮೇಲೆ ನಾನು ತಾರೀಖು ನೋಡಲಿಲ್ಲ. ನೋಡಿದವಳು ನನ್ನ ಹೆಂಡತಿ ಸವಿತಾ.

“ನೀವು ಬರೂ ಮರುದಿನಾನ ಶ್ರುತಿ ಕುಬಸ ಐತಿ,” ಅಂದಳು.

ಶ್ರುತಿ ನಮ್ಮ ಒಬ್ಬಳೇ ಮಗಳು, ಹುನಗುಂದಕ್ಕೆ ಕೊಟ್ಟಿದ್ದೇವೆ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಉಡಿ ತುಂಬಬೇಕು. ಆ ಹಸಿರು ಸೀರೆ ನಮ್ಮ ಮಗ್ಗದ ಮೇಲೇ ಇತ್ತು. ಅದರಲ್ಲಿ ನನ್ನದೊಂದು ಹಳೆಯ ನೋವೂ ಸೇರಿತ್ತು. ಮಗಳ ಮದುವೆಯ ಹೊತ್ತಿಗೆ ನನ್ನ ಬಲಗೈಗೆ ಪೆಟ್ಟಾಗಿ ಮಗ್ಗಕ್ಕೆ ಕೂರಲಾಗದೆ, ನೇಕಾರನ ಮಗಳಿಗೆ ಅಂಗಡಿಯಿಂದ ಸೀರೆ ತಂದು ಉಡಿಸಿದೆವು. ಆಕೆ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದೆ. ಕುಬಸಕ್ಕಾದರೂ ಅಪ್ಪನ ಕೈಯ ಸೀರೆಯೇ ಆಕೆಯ ಮೈಮೇಲೆ ಬರಬೇಕು ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದೆ.

ಸೀರೆಯ ಮೈ ನೇಯ್ದು ಮುಗಿಯುತ್ತ ಬಂದಿತ್ತು, ಸೆರಗು ಬಾಕಿ. ಸೆರಗೆಂದರೆ ಸುಮ್ಮನೆ ಮುಂದಕ್ಕೆ ನೇಯುತ್ತ ಹೋಗುವುದಲ್ಲ. ನಮ್ಮ ಸೀರೆಯಲ್ಲಿ ಮೈಗೆ ಉದ್ದಕ್ಕೆ ಹಾಸಿದ ಎಳೆ ಬೇರೆ, ಸೆರಗಿಗೆ ಹಾಸಿದ ರೇಷ್ಮೆ ಎಳೆ ಬೇರೆ. ಒಂದೊಂದು ಹಸಿರು ಎಳೆಗೂ ಒಂದೊಂದು ಕೆಂಪು ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಅನ್ನುತ್ತೇವೆ. ಸಾವಿರಾರು ಎಳೆ. ಒಂದು ತಪ್ಪಿತೋ, ಮುಂದಿನವೆಲ್ಲ ಪಕ್ಕದ ಮನೆ ಸೇರುತ್ತವೆ. ಈ ಮಹಾಕಾರ್ಯ ನಮ್ಮ ಮನೆಯಲ್ಲಿ ನನ್ನ ಹೊರತು ಯಾರಿಂದಲೂ ಆಗುವುದಿಲ್ಲ (ಎಂದು ಮೂವತ್ತು ವರ್ಷದಿಂದ ನಾನೇ ಹೇಳುತ್ತ ಬಂದಿದ್ದೇನೆ).

“ನಾ ಹಾಕ್ತೇನಿ ಬಿಡ್ರಿ,” ಅಂದಳು ಸವಿತಾ.

“ಹಾಕು, ಆದ್ರ ನಾ ಹೇಳಿದಂಗ ಹಾಕಬೇಕು. ದಿನಾ ಫೋನಿನ್ಯಾಗ ತೋರಸ್ತೇನಿ.”

“ಪರದೇಶದಿಂದ ದಿನಾ ಫೋನ್ ಮಾಡಿದ್ರ ಮಗ್ಗ ಮಾರಬೇಕಾಗ್ತೈತಿ. ಆಮ್ಯಾಲೆ ಕೊಂಡಿ ಎದಕ್ಕ ಹಾಕೂದು?”

ಅಳಿಯ ಆನಂದ ಹೊರದೇಶದ ಪ್ಯಾಕ್ ಹಾಕಿಸಿಕೊಳ್ಳಿರಿ ಮಾವ ಎಂದ. ಅದರ ದರ ಕೇಳಿ ನನಗೆ ಬಾಯಾರಿತು. ಆಗ ಕೈಹಿಡಿದವನು ದುಂಡೇಶ. ಒಮ್ಮೆ ಕೊಲಂಬೊಕ್ಕೆ ಹೋಗಿ ಬಂದಿದ್ದರಿಂದ ನಮ್ಮ ಓಣಿಯ ವಿದೇಶಾಂಗ ಖಾತೆ ಅವನಲ್ಲಿದೆ. ವಿಮಾನ ಇಳಿದ ಕೂಡಲೆ ಸಿಮ್ಮಿನ ನೆಟ್ಟು ಬಂದ್ ಮಾಡಬೇಕು, ಹೋಟೆಲಿನ ವೈಫೈ ಹಿಡಿಯಬೇಕು, ನೆಟ್ಟಿನ ಮೇಲೆ ವಿಡಿಯೊ ಕಾಲ್ ಮಾಡಬೇಕು. ಸೂರ್ಯ ಮುಳುಗುವ ತನಕ ಮಾತಾಡಿದರೂ ನಯಾಪೈಸೆ ಇಲ್ಲ ಎಂದು ಉಪದೇಶ ಮಾಡಿದ. ನಾನು ಸವಿತಾಳನ್ನೂ ನನ್ನ ಅವ್ವ ಶೇಖವ್ವನನ್ನೂ ಎದುರಿಗೆ ಕೂರಿಸಿಕೊಂಡು ಹಸಿರು ಗುಂಡಿ ಯಾವುದು, ಕೆಂಪು ಗುಂಡಿ ಯಾವುದು ಎಂದು ಎರಡು ದಿನ ಪಾಠ ಮಾಡಿ ವಿಮಾನ ಹತ್ತಿದೆ.

ಹೋಟೆಲು ಅರಮನೆಯಂತಿತ್ತು, ಆದರೆ ವೈಫೈ ಎಂಬುದು ನನ್ನ ಕೋಣೆಯ ತನಕ ಏರಿ ಬರುತ್ತಿರಲಿಲ್ಲ. ಕೆಳಗೆ ಬಾಗಿಲ ಬಳಿಯ ದೊಡ್ಡ ಪಡಸಾಲೆಯಲ್ಲಿ, ಅದೂ ಒಂದು ಮೂಲೆಯ ಸೋಫಾದ ಬಲತುದಿಯಲ್ಲಿ ಮಾತ್ರ ಅದು ಸಂಪೂರ್ಣ ಪ್ರಸನ್ನವಾಗಿತ್ತು. ಎಡತುದಿಗೆ ಸರಿದರೆ ಮುನಿಸಿಕೊಳ್ಳುತ್ತಿತ್ತು. ಮಧ್ಯಾಹ್ನದವರೆಗೆ ಪ್ರದರ್ಶನ, ಆಮೇಲೆ ನಮ್ಮನ್ನು ಬಸ್ಸಿನಲ್ಲಿ ಊರು ತೋರಿಸಲು ಕರೆದೊಯ್ಯುತ್ತಿದ್ದರು. ನಾನು ಬಸ್ಸು ಹತ್ತದೆ ಆ ಸೋಫಾದ ಬಲತುದಿಯಲ್ಲಿ ಆಸೀನನಾದೆ.

ಮೊದಲ ದಿನ ಫೋನು ಎತ್ತಿದ್ದು ಅವ್ವ. ವಿಡಿಯೊ ಅಂದರೆ ನೋಡುವುದು ಎಂದು ಎಷ್ಟು ಹೇಳಿ ಬಂದಿದ್ದರೂ ರೂಢಿಯಂತೆ ಕಿವಿಗೆ ಒತ್ತಿಕೊಂಡಳು. ಹತ್ತು ನಿಮಿಷ ನಾನು ಮಾತಾಡಿದ್ದು ಅವ್ವನ ಕಿವಿಯೊಂದಿಗೆ. ಅಷ್ಟು ಹತ್ತಿರದಿಂದ ಅದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ಪುಕ್ಕಟೆ ಮಾತೆಂದು ತಿಳಿದು ಓಣಿಯೆಲ್ಲ ಸರದಿ ಹಚ್ಚಿತು. ಎದುರುಮನೆಯ ಹುಲ್ಲಪ್ಪ ಅಲ್ಲಿ ಬದನೆಕಾಯಿ ಏನು ಭಾವ ಎಂದು ಕೇಳಿದ. ನನಗೆ ಗೊತ್ತಿಲ್ಲ ಅಂದದ್ದಕ್ಕೆ, ಹಾಗಾದರೆ ಅಷ್ಟು ದೂರ ಯಾಕೆ ಹೋದಿ ಎಂದು ಫೋನು ಮುಂದಿನವರಿಗೆ ಕೊಟ್ಟ.

ಎರಡನೆಯ ದಿನ ಕೊಂಡಿಯ ಪಾಠ ಶುರುವಾಯಿತು. ಸವಿತಾ ಫೋನನ್ನು ನೂಲಿನ ಡಬ್ಬಿಗೆ ಆನಿಸಿ ಮಗ್ಗಕ್ಕೆ ಕೂತಳು. ಆನಿಸಿದ ರೀತಿ ಹೇಗಿತ್ತೆಂದರೆ ನನಗೆ ಮಗ್ಗವೂ ಇಲ್ಲ, ಎಳೆಯೂ ಇಲ್ಲ. ಕಂಡದ್ದು ಆಕೆಯ ಹಣೆ, ಹಣೆಯ ಕುಂಕುಮ, ಅದರ ಮೇಲೆ ನೇರವಾದ ಬೈತಲೆ. ಫೋನು ಕೆಳಗೆ ಮಾಡು ಅಂದೆ, ಎಡದ ಅಂಚಿನಿಂದ ಹಿಡಿ ಅಂದೆ, ಬಿಗಿ ಸಾಲದು, ಎಳಿ, ಎಳಿ ಎಂದು ಕೂಗಿದೆ. ಪಡಸಾಲೆಯಲ್ಲಿ ಕೂತಿದ್ದ ಎರಡು ದೇಶಗಳವರು ಎದ್ದು ಹೋದರು. ಆಕೆ ಕೈಚಾಚಿ ಫೋನಿಗೆ ಏನೋ ಮಾಡಿದಳು. ಅಲ್ಲಿಂದ ಮುಂದೆ ಆ ಕಡೆಯ ಸಪ್ಪಳ ನಿಂತುಹೋಯಿತು. ಪುಕ್ಕಟೆ ನೆಟ್ಟು, ಚಿತ್ರವಾದರೂ ಬರುತ್ತಿದೆಯಲ್ಲ ಎಂದು ನಾನು ತಕರಾರು ಮಾಡಲಿಲ್ಲ. ಧ್ವನಿ ಬರದಿದ್ದರೇನು, ಮರುದಿನದಿಂದ ನಾನು ಹೇಳಿದ ಒಂದೊಂದು ಮಾತಿಗೂ ಆಕೆಯ ತಲೆ ಹೌದು ಹೌದು ಎಂದು ಆಡುತ್ತಿತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ನನ್ನ ಮಾತಿಗೆ ಅಷ್ಟು ತಲೆಯಾಡಿಸಿದ್ದನ್ನು ನಾನು ಕಂಡಿರಲಿಲ್ಲ. ಪರದೇಶಕ್ಕೆ ಹೋದರೆ ಗಂಡಸಿಗೆ ಬೆಲೆ ಬರುವುದು ಖರೆ ಅನಿಸಿತು.

ಹುರುಪು ಹೆಚ್ಚಿತು. ಬರೀ ಬಾಯಿಮಾತಿನಲ್ಲಿ ಹೇಳಿದರೆ ಹೇಗೆ ಎಂದು ಸೋಫಾದ ದಿಂಬುಗಳ ಅಂಚಿಗೆ ಇಳಿಬಿಟ್ಟಿದ್ದ ದಾರದ ಗೊಂಡೆಗಳನ್ನು ಬಿಡಿಸಿ, ಒಂದು ದಿಂಬಿನ ಎಳೆಗೆ ಇನ್ನೊಂದು ದಿಂಬಿನ ಎಳೆಯನ್ನು ಕೊಂಡಿ ಹಾಕಿ ಹಾಕಿ ಫೋನಿನ ಮುಂದೆ ಹಿಡಿದು ತೋರಿಸತೊಡಗಿದೆ. ಮೂರು ಮಧ್ಯಾಹ್ನ ಇದೇ ನಡೆಯಿತು. ಅರ್ಧ ತಾಸಿಗೊಮ್ಮೆ ನೆಟ್ಟು ಕಡಿದು, ಮೇಜಿನ ಹಿಂದಿದ್ದ ಹುಡುಗಿಯ ಹತ್ತಿರ ಹೋಗಿ ಪಾಸ್‌ವರ್ಡು ಕೇಳಬೇಕಾಗುತ್ತಿತ್ತು. ಆಕೆ ಬಲು ಸಮಾಧಾನದವಳು. ನಾನು ದಾರ ಹಿಡಿದು ಏನೋ ಪೂಜೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಳಂತೆ, ದುಂಡೇಶ ಹೇಳಿದ. ಮೂರನೆಯ ದಿನ ಒಂದು ದಿಂಬು ಸರಿಸಲು ಬಂದು ಎತ್ತಿದಳು. ಆರೂ ದಿಂಬು ಸಾಲಾಗಿ ಎದ್ದವು. ಆಕೆ ಅದರ ಫೋಟೊ ತೆಗೆದುಕೊಂಡಳು. ಬಯ್ಯಲಿಲ್ಲ.

ದುಂಡೇಶ ದಿನಾ ಸಂಜೆ ಬಂದು ಅವಳಿ ಗೋಪುರ ನೋಡಿದೆ, ಗುಡ್ಡದೊಳಗಿನ ಗುಡಿ ನೋಡಿದೆ, ಬಾದಾಮಿ ಮೇಣಬಸದಿ ಇದ್ದಂಗೇ ಐತಿ, ಆದ್ರ ಮೆಟ್ಟಲು ಭಾಳ ಎಂದು ವರದಿ ಒಪ್ಪಿಸುತ್ತಿದ್ದ. ಬಾರಲೇ ಬಸವಂತ, ಒಂದು ದಿನ ಬಾ ಅಂದ. ನಾನು ಮಗಳ ಸೀರೆ ನೇಯುತ್ತಿದ್ದೇನೆ ಅಂದೆ. ಅವನು ನನ್ನನ್ನೂ ಸೋಫಾವನ್ನೂ ಒಮ್ಮೆ ನೋಡಿ ತನ್ನ ಕೋಣೆಗೆ ಹೋದ.

ನಾಲ್ಕನೆಯ ಪಾಠದ ದಿನ ನೆಟ್ಟು ಅದೇನೋ ಅದೃಷ್ಟಕ್ಕೆ ಸ್ಪಷ್ಟವಾಗಿತ್ತು. “ಮುಗೀತ್ರಿ,” ಎಂಬ ಸವಿತಾಳ ಧ್ವನಿ ಗಂಟೆ ಹೊಡೆದಂತೆ ಕೇಳಿತು. ನಾನು ಕೊಂಡಿ ಮುಗಿಯಿತು ಅಂದುಕೊಂಡೆ. ಊರಿಗೆ ಬಂದು ನೋಡಿದರೆ ಸೆರಗೂ ನೇಯ್ದು, ಸೀರೆ ಮಡಚಿ, ಕುಬಸದ ತಟ್ಟೆಯಲ್ಲಿ ಇಟ್ಟಾಗಿತ್ತು. ಆಕೆಯ ವೇಗಕ್ಕೆ ಬೆರಗಾದೆ. ಪಾಠ ಗಟ್ಟಿಯಾಗಿದ್ದರೆ ಹೀಗೇ ಎಂದು ಸಮಾಧಾನ ಪಟ್ಟುಕೊಂಡೆ.

ಮರುದಿನ ಹುನಗುಂದದಲ್ಲಿ ಕುಬಸ. ಹಸಿರು ಸೀರೆ ಉಟ್ಟು ಶ್ರುತಿ ಬಂದು ಕೂತಾಗ ನನಗೆ ಮಲೇಷಿಯಾದ ಗೋಪುರ ತಪ್ಪಿದ್ದು ಏನೂ ಅನ್ನಿಸಲಿಲ್ಲ. ಅಳಿಯನ ತಾಯಿ ಲಗಮವ್ವ ಸೀರೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಬೀಗಿತ್ತಿ. ಸೆರಗು ಕೂಡಿದ ಜಾಗದಲ್ಲಿ ಬೆರಳಾಡಿಸಿ ನೋಡಿದಳು.

“ಬೀಗರ, ಕೊಂಡಿ ಕೈಗೇ ಹತ್ತವಲ್ದು, ಅಷ್ಟು ನಯ ಐತಿ. ಯಾರ ಕೆಲಸಾ?”

ಇದಕ್ಕೇ ಕಾದಿದ್ದೆ. ವಿಮಾನ ಹತ್ತಿದಲ್ಲಿಂದ ಹಿಡಿದು ಸೋಫಾದ ಬಲತುದಿಯ ಮಹಿಮೆ, ದಿಂಬಿನ ಉದಾಹರಣೆ, ಸಮುದ್ರದಾಚೆಯಿಂದ ಎಳೆ ಎಳೆಯಾಗಿ ನಾನು ಹೇಳಿಕೊಟ್ಟದ್ದು, ಇದಕ್ಕೆಲ್ಲ ಒಂದು ಕವಡೆಯೂ ಖರ್ಚಾಗದ್ದು, ಎಲ್ಲವನ್ನೂ ಊಟಕ್ಕೆ ಕಾದಿದ್ದ ನಲವತ್ತು ಜನರಿಗೆ ಬಣ್ಣಿಸಿದೆ. ಹೋಳಿಗೆ ಆರಿತು. ಇಷ್ಟಕ್ಕೆ ನಿಲ್ಲಿಸಬೇಕಿತ್ತು.

“ಬೇಕಾದ್ರ ಈಕೀನ್ನ ಕೇಳ್ರಿ,” ಅಂದೆ.

“ಹೌದ್ರೀ ಅಕ್ಕಾರ, ದಿನಾ ಹೇಳ್ತಿದ್ರು,” ಅಂದಳು ಸವಿತಾ. ಹೇಳುತ್ತಿದ್ದರು ಅಂದಳೇ ಹೊರತು ಕೇಳುತ್ತಿದ್ದೆ ಅನ್ನಲಿಲ್ಲ. ಆ ಸೂಕ್ಷ್ಮ ನನಗೆ ಹೊಳೆಯಲಿಲ್ಲ. ನಮ್ಮ ಅವ್ವನಿಗೆ ಮಾತ್ರ ತಡೆಯಲಾಗಲಿಲ್ಲ. ಆಕೆಗೆ ಎಂಬತ್ತು ದಾಟಿದೆ. ಸುಳ್ಳು ಹೇಳುವ ತ್ರಾಣ ಉಳಿದಿಲ್ಲ.

“ಏನ್ ಹೇಳಿದ್ನೋ ಯಾರಿಗ್ ಕೇಳಸೈತಿ? ಪಾಠದ ಮೊದಲ್ನೇ ದಿನಾ ಎಳಿ, ಎಳಿ ಅಂತ ಒದರಿ ಒದರಿ ಆಕಿ ಎಣಿಕಿ ಎರಡು ಸಲ ತಪ್ಪಿಸಿದ. ಆಮ್ಯಾಲೆ ಆಕಿ ಅದೇನೋ ಒತ್ತಿ ಫೋನಿನ ಬಾಯೀನೂ ಬಂದ್ ಮಾಡಿದ್ಲು, ಕಿವೀನೂ ಬಂದ್ ಮಾಡಿದ್ಲು. ಮರುದಿನ ಮಧ್ಯಾಹ್ನಕ್ಕ ಕೊಂಡಿ ಮುಗಿಸಿ ಸೆರಗು ನೇಯಾಕ ಕುಂತಳು. ಹೇಳಿದ್ನಂತ ಹೇಳಿದ್ನಂತ.”

ನಾನು ಮನಸ್ಸಿನಲ್ಲೇ ದಿನಗಳನ್ನು ಜೋಡಿಸಿ ನೋಡಿದೆ. ಹಾಗಾದರೆ ಆಮೇಲಿನ ದಿನಗಳಲ್ಲಿ ನಾನು ಕೊಂಡಿ ಹಾಕಲು ಕಲಿಸಿದ್ದು ಲಾಳಿ ಎಸೆದು ಸೆರಗು ನೇಯುತ್ತಿದ್ದವಳಿಗೆ. ಮಗ್ಗದ ಹಲಗೆ ಎಳೆದು ಬಡಿದಾಗಲೆಲ್ಲ ನೇಯುವವರ ತಲೆ ಒಮ್ಮೆ ಮುಂದಕ್ಕೆ ಬಾಗುತ್ತದೆ. ಮೂವತ್ತು ವರ್ಷದಿಂದ ನನ್ನ ತಲೆಯೂ ಹಾಗೇ ಬಾಗಿದೆ. ಅದನ್ನೇ ನಾನು ಹೌದು ಹೌದು ಎಂದು ಓದಿಕೊಂಡಿದ್ದೆ.

ನಲವತ್ತು ಜನ ನಕ್ಕರು. ಲಗಮವ್ವ ಕಣ್ಣೊರೆಸಿಕೊಂಡಳು. ನಾನು ನೋಡಿದ್ದು ಶ್ರುತಿಯ ಮುಖವನ್ನು. ಅಪ್ಪನ ಕೈಯ ಸೀರೆ ಎಂಬ ನನ್ನ ಪ್ರತಿಜ್ಞೆ ಎಲ್ಲರೆದುರಿಗೆ ಎಳೆ ಎಳೆಯಾಗಿ ಬಿಚ್ಚಿಹೋಗಿತ್ತು. ಆಕೆ ನಕ್ಕು ಮುಗಿಸಿ, “ಅಪ್ಪಾ, ಮೈ ನಿಂದು, ಸೆರಗು ಅವ್ವಂದು. ಇಬ್ಬರೂ ಉಡಿಸಿದಂಗಾತಲ್ಲ, ಚಲೋನ ಆತು. ಇನ್ನ ಉಣ್ಣಾಕ ಕೂಡ್ರು,” ಅಂದಳು. ನಾನು ಕೂತೆ. ಆರಿದ ಹೋಳಿಗೆಯೂ ರುಚಿಯಾಗಿತ್ತು. ನಾಲ್ಕು ತಿಂದೆ.

ಸಂಜೆ ಇಳಕಲ್ಲಿಗೆ ಬಸ್ಸು ಹತ್ತಿದಾಗ ಅವ್ವ ಮುಂದಿನ ಸೀಟಿನಲ್ಲಿ ಕೂತು ತೂಕಡಿಸತೊಡಗಿದಳು. ನನ್ನೊಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ಬಾಯಿ ಬಂದ್ ಮಾಡಿದ ಮೇಲೆ ಫೋನನ್ನೂ ಬಂದ್ ಮಾಡಿ ಎತ್ತಿಡಬಹುದಿತ್ತಲ್ಲ, ದಿನಾ ಎರಡೆರಡು ತಾಸು ನನ್ನನ್ನು ಎದುರಿಗೆ ಯಾಕೆ ನಿಲ್ಲಿಸಿಕೊಂಡಿದ್ದೆ ಎಂದು ಸವಿತಾಳನ್ನು ಮೆಲ್ಲಗೆ ಕೇಳಿದೆ.

ಆಕೆ ಕಿಟಕಿಯ ಕಡೆ ಮುಖ ಮಾಡಿದಳು.

“ನೋಡ್ಬೇಕಂತ ಅನ್ನಸ್ತಿತ್ತು. ಧ್ವನಿ ಬಂದ್ ಇದ್ದಾಗ ನಿಮ್ಮ ಮಾರಿ ಭಾಳ ಚಂದ ಕಾಣತೈತಿ.”

ಅಲ್ಲಿಂದ ಇಳಕಲ್ ಬರುವ ತನಕ ನಾನು ತುಟಿ ಬಿಚ್ಚಲಿಲ್ಲ. ಆಕೆ ಎರಡು ಸಲ ತಿರುಗಿ ನೋಡಿದಳು.