ಕಲ್ತಮಾರದ ಉಪವಾಸ

ಹಂದಿ ಕೊಬ್ಬು ಹಾಕಿರುತ್ತಾಳೆಯೆ? ಹಾಕಿಯೇ ಇರುತ್ತಾಳೆ. ಐವತ್ತು ವರ್ಷ ಹಾಕಿದ ಕೈ ಇವತ್ತೊಂದು ದಿನಕ್ಕೆ ಯಾಕೆ ತಡೆದೀತು? ಕೇಳಿಬಿಡಬಹುದು. ಆದರೆ ಕೇಳಿದ ಮೇಲೆ ಈ ಊರಿನಲ್ಲಿ ಬದುಕುವುದು ಹೇಗೆ?

ಲಿಬೋರಿಯೋ ಹೀಗೆ ಯೋಚಿಸುತ್ತ ಕಲ್ತಮಾರದ ಚೌಕದಲ್ಲಿ ನಿಂತಿದ್ದ. ಎದುರಿಗೆ ಅವನ ದೊಡ್ಡಮ್ಮ ಕ್ರೊಚಿಫಿಸ್ಸಾ, ಅವಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಇಪ್ಪತ್ತನಾಲ್ಕು ಕನ್ನೋಲಿ. ಗರಿಗರಿಯಾಗಿ ಕರಿದ ಹಿಟ್ಟಿನ ಕೊಳವೆಗಳು, ಒಳಗೆ ಕುರಿಹಾಲಿನ ಸಿಹಿ ಗಿಣ್ಣು. ಆ ಹಿಟ್ಟನ್ನು ಹಂದಿ ಕೊಬ್ಬು ಹಾಕಿ ನಾದಿ, ಹಂದಿ ಕೊಬ್ಬಿನಲ್ಲೇ ಕರಿಯುವುದು ಸಿಸಿಲಿಯ ಹೆಂಗಸರಿಗೆ ಉಸಿರಾಡಿದಷ್ಟು ಸಹಜ. ಅದು ಮಾಂಸದ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಅನಿಸುವುದೇ ಇಲ್ಲ.

ಬಸ್ಸು ತಿರುವಿನಲ್ಲಿ ಕಾಣಿಸಿತು. ಅದರಲ್ಲಿ ಇಂಗ್ಲೆಂಡಿನ ಲೆಸ್ಟರಿನಿಂದ ಬಂದ ಹನ್ನೆರಡು ಮಂದಿ ಮುಸಲ್ಮಾನ ಪ್ರವಾಸಿಗಳಿದ್ದರು. ಪಲೆರ್ಮೊದಲ್ಲಿ ಅರಬರ ಕಾಲದ ಕುರುಹುಗಳನ್ನೆಲ್ಲ ನೋಡಿ ಮುಗಿಸಿದ್ದರು. ಕಲ್ತಮಾರದಲ್ಲಿ ಅರಬರು ತೋಡಿದ ನೀರಿನ ಕಾಲುವೆಯಿದೆ. ಹಳೆಯ ಮಸೀದಿಯದೊಂದು ಕಂಬ ಅರಬಿ ಬರಹದ ಸಮೇತ ಇಗರ್ಜಿಯ ಬಾಗಿಲಲ್ಲಿ ನಿಂತಿದೆ. ಅದಕ್ಕಾಗಿ ಬರುತ್ತಿದ್ದರು.

ಅವೆರಡರ ಮೇಲೆ ಮುನ್ನೂರು ಪುಟ ಬರೆದು ಪದವಿ ಪಡೆದವನು ಲಿಬೋರಿಯೋ. ಎಂಟು ವರ್ಷದಲ್ಲಿ ಆ ಮುನ್ನೂರು ಪುಟ ಓದಿದವರು ಇಬ್ಬರು, ಅವರಲ್ಲೊಬ್ಬ ಅವನೇ. ಇವತ್ತು ಗುಂಪಿನ ಮುಖ್ಯಸ್ಥೆ ಊರನ್ನು ಮೆಚ್ಚಿಕೊಂಡರೆ ವರ್ಷವರ್ಷವೂ ಪ್ರವಾಸಿಗಳು ಬರುತ್ತಾರೆ, ಊರ ಸಂಘ ಅವನನ್ನು ಕಾಯಂ ಮಾರ್ಗದರ್ಶಿಯಾಗಿ ನೇಮಿಸುತ್ತದೆ. ಇಲ್ಲವಾದರೆ ಸೋಮವಾರದಿಂದ ಬಾವನ ಮೀನಿನ ಗೋದಾಮಿನಲ್ಲಿ ಮಂಜುಗಡ್ಡೆ ಸುರಿಯುವ ಕೆಲಸ. ಬಾವ ಆಗಲೇ ಅವನ ಅಳತೆಯ ರಬ್ಬರ್ ಬೂಟು ತಂದಿಟ್ಟಿದ್ದ.

“ಏನೋ, ಹೆಣದ ಮುಖ ನೋಡಿದ ಹಾಗೆ ತಟ್ಟೆ ನೋಡ್ತಿದ್ದೀಯ?” ದೊಡ್ಡಮ್ಮ ಗದರಿದಳು. “ಸರಿ ಆಚೆಗೆ. ಇಳೀತಿದ್ದ ಹಾಗೇ ತಲೆಗೆರಡು ಕೈಗಿಡ್ತೀನಿ.”

“ದೊಡ್ಡಮ್ಮ, ಅವರು ತಿನ್ನಲ್ಲ.”

“ಯಾಕೆ, ಬಾಯಿಲ್ವಾ ಅವರಿಗೆ?”

ಹಿಂದೊಮ್ಮೆ ಊರಿಗೆ ಬಂದ ಹೊಸ ವೈದ್ಯರೊಬ್ಬರು ದೊಡ್ಡಮ್ಮನ ಕೊಬ್ಬಿನ ಡಬ್ಬಿ ನೋಡಿ ಇದು ಹೃದಯಕ್ಕೆ ಒಳ್ಳೆಯದಲ್ಲ ಎಂದಿದ್ದರು. ಮರುದಿನದಿಂದ ಕಲ್ತಮಾರದಲ್ಲಿ ಯಾರಿಗೂ ಕಾಯಿಲೆಯೇ ಬರಲಿಲ್ಲ. ಮೂರು ತಿಂಗಳು ಖಾಲಿ ಬೆಂಚು ನೋಡಿ ವೈದ್ಯರು ಗಂಟುಮೂಟೆ ಕಟ್ಟಿದರು. ಹೆಂಗಸಿನ ಕೈಯ ತಿಂಡಿಯನ್ನು ಬೇಡವೆನ್ನಲು ಇಲ್ಲಿ ಒಪ್ಪಿತವಾದ ಕಾರಣಗಳು ಎರಡೇ. ಒಂದು ಸಾವು, ಇನ್ನೊಂದು ವ್ರತ.

ಬಸ್ಸಿನ ಬಾಗಿಲು ಪುಸ್ಸೆಂದು ತೆರೆದುಕೊಂಡಿತು.

“ಉಪವಾಸ!” ಲಿಬೋರಿಯೋನ ಬಾಯಿಂದ ಮಾತು ಜಾರಿತು. “ಇವತ್ತು ಅವರಿಗೆ ಉಪವಾಸ. ಸೂರ್ಯ ಮುಳುಗೋವರೆಗೂ.”

“ಮೀನು ಮಾರೋ ಮಬ್ರೂಕಾ ರಂಜಾನ್ ತಿಂಗಳು ಪೂರ್ತಿ ಮಾಡಿ ಮುಗಿಸಿದ್ಲಲ್ಲೋ, ಎಷ್ಟೋ ದಿನ ಆಯ್ತು?”

“ಅದು ಬೇರೆ. ಇದು ಇವರದೇ ಹರಕೆ.”

ದೊಡ್ಡಮ್ಮನ ಮುಖ ಮೆತ್ತಗಾಯಿತು. “ಅಯ್ಯೋ ಪಾಪ, ಈ ಬಿಸಿಲಲ್ಲಿ! ಹಾಗಾದ್ರೆ ನೀನು ತಿನ್ನು. ಮನೆಯಿಂದ ಹೊರಟ ತಟ್ಟೆ ತುಂಬಿಕೊಂಡು ವಾಪಸು ಬರಬಾರದು.”

ಅವಳು ಕಾರಂಜಿಯ ಮರೆಯಲ್ಲಿ ಕಾವಲು ನಿಂತಳು. ಲಿಬೋರಿಯೋ ಎರಡು ನಿಮಿಷದಲ್ಲಿ ಏಳು ಕನ್ನೋಲಿ ನುಂಗಿ, ಅತಿಥಿಗಳನ್ನು ಎದುರುಗೊಳ್ಳಲು ಓಡಿದ. ಗುಂಪಿನ ಮುಖ್ಯಸ್ಥೆ ಶರೀಫಾ ಮೋತಿವಾಲಾ ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ. ಕೊಡೆಯನ್ನು ಬೆತ್ತದಂತೆ ಹಿಡಿದು ಕೆಳಗಿಳಿದ ಅವರು ಹೇಳಿದ ಮೊದಲ ಮಾತು ಇದು:

“ನಿಮ್ಮ ಮೀಸೆ ಮೇಲೆ ಏನೋ ಅಂಟಿದೆ.”

ಕಾಲುವೆ ತಲುಪುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ತಲುಪಿತ್ತು. ಕಾಫಿ ಅಂಗಡಿಯವನು ತಿಂಡಿಯ ಗಾಜಿನ ಪೆಟ್ಟಿಗೆಗೆ ಹಾಸಿಗೆಯ ಚಾದರ ಹೊದಿಸಿದ. ಬೆಂಚಿನ ಮೇಲೆ ಕಡಲೆ ಮೆಲ್ಲುತ್ತಿದ್ದ ಮುದುಕರು ದವಡೆ ನಿಲ್ಲಿಸಿ, ಬಾಯಲ್ಲಿದ್ದುದನ್ನು ಏನು ಮಾಡುವುದೆಂದು ತಿಳಿಯದೆ ಕೆನ್ನೆಯಲ್ಲೇ ಇಟ್ಟುಕೊಂಡರು. ಕ್ಷೌರಿಕ ಒನೋಫ್ರಿಯೋ ಅಂಗಡಿಯ ಬಾಗಿಲೆಳೆದುಕೊಂಡು ಒಳಗೆ ರೊಟ್ಟಿ ತಿನ್ನಲು ಕೂತವನು, ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿ ನಾಚಿ ರೊಟ್ಟಿಯನ್ನು ನಾಯಿಗೆ ಹಾಕಿದ. ಅತಿಥಿಗಳು ಹಸಿದು ತಿರುಗುವಾಗ ಊರು ಹೇಗೆ ತಿಂದೀತು?

ಈ ಒನೋಫ್ರಿಯೋ ಊರ ಸಂಘದ ಅಧ್ಯಕ್ಷ. ಮ್ಯಾಂಚೆಸ್ಟರಿನಲ್ಲಿ ಆರು ವರ್ಷ ತಲೆ ಬೋಳಿಸಿ ಬಂದವನಾದ್ದರಿಂದ ಲಿಬೋರಿಯೋ ಬಿಟ್ಟರೆ ಊರಿನಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ. ಅವನಿಂದ ಅತಿಥಿಗಳನ್ನು ದೂರವಿಟ್ಟರೆ ಸಾಕು, ಸಂಜೆ ಆರಕ್ಕೆ ಬಸ್ಸು ಹೊರಟುಹೋಗುತ್ತದೆ ಎಂದು ಲಿಬೋರಿಯೋ ಲೆಕ್ಕ ಹಾಕಿದ. ಕ್ಷೌರದಂಗಡಿ ತಪ್ಪಿಸಲು ಅವರನ್ನೆಲ್ಲ ಆಡು ಹತ್ತುವ ದಾರಿಯಲ್ಲಿ ಹತ್ತಿಸಿದ.

ಇಗರ್ಜಿಯ ಬಾಗಿಲಲ್ಲಿ ಗುಂಪು ಕಂಬದ ಮುಂದೆ ನಿಂತಿತು. ಎಲ್ಲರೂ ಒಮ್ಮೆಗೇ ಸುಮ್ಮನಾದರು. ಶರೀಫಾ ಅವರು ಬೆರಳ ತುದಿಯಿಂದ ಬರಹದ ಮೇಲೆ ಮುಟ್ಟಿಯೂ ಮುಟ್ಟದಂತೆ ಸವರಿದರು. ಆ ನಿಶ್ಶಬ್ದಕ್ಕಾಗಿಯೇ ಎಂಟು ವರ್ಷ ಕಾದಿದ್ದೆ ಎಂದು ಲಿಬೋರಿಯೋನಿಗೆ ಅನಿಸಿತು. ಅಷ್ಟರಲ್ಲಿ ಯಾರೋ ಅವನ ತೋಳು ಜಗ್ಗಿದರು. ಇಗರ್ಜಿಯ ಗಂಟೆ ಹೊಡೆಯುವವನ ತಂಗಿ ಅಗ್ರಿಪ್ಪೀನಾ. ಸೆರಗಿನಂಥ ಮುಂಬಟ್ಟೆಯಲ್ಲಿ ಬಾದಾಮಿ ಬಿಸ್ಕತ್ತು ಮುಚ್ಚಿಕೊಂಡು ಬಂದಿದ್ದಳು.

“ತಗೋ ಡಾಕ್ಟರೆ,” ಎಂದು ಪಿಸುಗುಟ್ಟಿದಳು. ಪದವಿ ಪಡೆದವರೆಲ್ಲ ಆ ಊರಿಗೆ ಡಾಕ್ಟರೇ. “ಅವರಿಗೆ ಹರಕೆ. ನಿನಗೇನು ದಾಡಿ? ದಿನವೆಲ್ಲ ಬಾಯಿ ಬಡ್ಕೊಳ್ಳೋನು.”

“ಬೇಡಮ್ಮ, ಹೊಟ್ಟೆ ತುಂಬಿದೆ.”

“ಕ್ರೊಚಿಫಿಸ್ಸಾ ಕೈಯಿಂದಾದ್ರೆ ತಿಂತೀಯ, ನನ್ನದು ಬೇಡವಾ? ಊರಿಗೆಲ್ಲ ಹೇಳ್ತೀನಿ.”

ಅವನು ಎರಡನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಅದೇ ಗಳಿಗೆಯಲ್ಲಿ ಶರೀಫಾ ಅವರು ತಿರುಗಿ ಕೇಳಿದರು:

“ಈ ಬರಹ ಎಷ್ಟನೇ ಶತಮಾನದ್ದು?”

ಎಂಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ. ಲಿಬೋರಿಯೋ ಕಣ್ಣರಳಿಸಿ, ಕೆನ್ನೆ ಉಬ್ಬಿಸಿ, ಎರಡೂ ಕೈಯ ಹತ್ತು ಬೆರಳು ಎತ್ತಿದ.

“ಇವರಿಗೆ ಮೈ ಹುಷಾರಿಲ್ಲ ಅಂತ ಕಾಣ್ಸುತ್ತೆ,” ಎಂದರು ಯೂಸುಫ್ ಭಾಯಿ. ಗುಂಪಿನಲ್ಲೇ ದಪ್ಪಗಿದ್ದ ಅವರು ಬೆಳಗಿನಿಂದ ಗಡಿಯಾರ ನೋಡುತ್ತಿದ್ದರು.

ಒಂದು ಗಂಟೆಗೆ ಊಟದ ಹೊತ್ತು. ಊರಿನ ಒಂದೇ ಹೋಟೆಲಿನ ಬಾಗಿಲು ಹಾಕಿತ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು.

“ಏನಂತೆ?” ಶರೀಫಾ ಕೇಳಿದರು.

“ಉಪವಾಸದ ಗೌರವಾರ್ಥ ಮುಚ್ಚಿದೆ ಅಂತ.”

“ಯಾರ ಉಪವಾಸ?”

ಲಿಬೋರಿಯೋ ಮೀಸೆ ಒರೆಸಿಕೊಂಡ. ಶರೀಫಾ ಅವರು ಸುತ್ತ ನೋಡಿದರು. ಚಾದರ ಹೊದ್ದ ತಿಂಡಿಯ ಪೆಟ್ಟಿಗೆ, ಖಾಲಿ ಮೇಜುಗಳು, ಬಾಯಿ ಬಿಗಿಹಿಡಿದು ಕೂತ ಮುದುಕರು.

“ಊರಿಗೆ ಊರೇ ಉಪವಾಸವಾ?”

ಅವನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. ಅವನ ಮೌನಗಳಿಗೆ ಈವರೆಗೆ ಯಾರೂ ಕಿವಿಗೊಟ್ಟಿರಲಿಲ್ಲ. ಈ ಮೌನವನ್ನು ಹನ್ನೆರಡು ಜನ ಒಟ್ಟಿಗೆ ನಂಬಿದರು.

“ಸುಬ್ಹಾನಲ್ಲಾಹ್,” ಎಂದರು ಶರೀಫಾ. “ಮೊದಲೇ ಹೇಳಬಾರದಿತ್ತೇನ್ರೀ? ನಾವು ಬೀದಿಯಲ್ಲಿ ಬಿಸ್ಕತ್ತು ತಿಂದಿದ್ರೆ ಎಂಥ ಅವಮರ್ಯಾದೆ! ಕೇಳಿ ಎಲ್ಲರೂ. ಬೆಳಿಗ್ಗೆ ಪಲೆರ್ಮೊದ ಹೋಟೆಲಲ್ಲಿ ತಿಂದಿದ್ದೀವಿ, ನಮ್ಮದು ಉಪವಾಸ ಅಂತ ಆಗಲ್ಲ. ಆದ್ರೆ ಸೂರ್ಯ ಮುಳುಗೋವರೆಗೆ ಈ ಊರಲ್ಲಿ ನಮ್ಮ ಬಾಯಿಗೆ ಏನೂ ಹೋಗಕೂಡದು.”

“ಆಪಾ, ನನ್ನ ಚೂಡಾ ಪೊಟ್ಟಣ...”

“ಚೀಲದೊಳಗೆ, ಯೂಸುಫ್ ಭಾಯಿ.”

ಯೂಸುಫ್ ಭಾಯಿ ಚೀಲದ ಜಿಪ್ಪನ್ನು ಹತ್ತಿರದವರನ್ನು ಮಣ್ಣು ಮಾಡಿದಷ್ಟು ನಿಧಾನವಾಗಿ ಎಳೆದರು. ಹೀಗೆ ಲಿಬೋರಿಯೋ ಬೆಳಿಗ್ಗೆ ಹೇಳಿದ ಸುಳ್ಳು ಮಧ್ಯಾಹ್ನದ ಹೊತ್ತಿಗೆ ಅಕ್ಷರಶಃ ನಿಜವಾಗಿತ್ತು. ಅವನಿಗೆ ಒಂದು ಕ್ಷಣ ಬಹಳ ಸಮಾಧಾನವಾಯಿತು.

ಆಮೇಲೆ ಕರಿಯುವ ವಾಸನೆ ಶುರುವಾಯಿತು.

ಹಸಿದ ಅತಿಥಿಗಳಿಗೆ ಸೂರ್ಯಾಸ್ತಕ್ಕೆ ಚೌಕದಲ್ಲಿ ಊಟ ಹಾಕಬೇಕೆಂದು ದೊಡ್ಡಮ್ಮ ತೀರ್ಮಾನಿಸಿದ್ದಳು. ಬಸ್ಸಿನ ಚಾಲಕನ ಕೈಯಿಂದ ಬೀಗದಕೈಯನ್ನೂ ಕಿತ್ತುಕೊಂಡಿದ್ದಳು. ಮನೆಮನೆಯಲ್ಲೂ ಬಾಣಲೆ ಒಲೆಯೇರಿತು. ಆದರೆ ಒಂದು ತೊಡಕು ಬಂತು. ಅತಿಥಿಗಳ ಗೌರವಕ್ಕೆಂದು ಊರೆಲ್ಲ ಬಾಯಿ ಕಟ್ಟಿದ ಮೇಲೆ ಉಪ್ಪುಖಾರ ನೋಡುವವರು ಯಾರು? ಕಲ್ತಮಾರದಲ್ಲಿ ಮೈಲಿಗೆಯಾಗಿ ಉಳಿದಿದ್ದ ಬಾಯಿ ಒಂದೇ.

“ಲಿಬೋರಿಯೋ, ಬಾರೋ ಇಲ್ಲಿ, ಇದಕ್ಕೆ ಉಪ್ಪು ಸಾಕಾ ನೋಡು!”

“ಡಾಕ್ಟರೆ, ಈ ಅನ್ನದುಂಡೆ ಒಳಗೆ ಬೆಂದಿದೆಯಾ ಹೇಳು!”

“ಅವಳದ್ದು ತಿಂದೆಯಲ್ಲ, ನನ್ನ ಬದನೆಕಾಯಿ ಏನು ಪಾಪ ಮಾಡಿತ್ತು?”

ಅತಿಥಿಗಳು ಕಾಲುವೆಯ ದಂಡೆಯ ನೆರಳಲ್ಲಿ ಕೂತಿದ್ದರು. ಅವನು ಐದು ನಿಮಿಷಕ್ಕೊಮ್ಮೆ ಕ್ಷಮೆ ಕೇಳಿ ಎದ್ದುಹೋಗುತ್ತಿದ್ದ; ಸ್ವಲ್ಪ ಹೊತ್ತಿಗೆ ಯಾವುದಾದರೊಂದು ಕಿಟಕಿಯಲ್ಲಿ ಬಾಯಾಡಿಸುತ್ತ ಕಾಣಿಸುತ್ತಿದ್ದ. ಮೊದಲ ಸಲ ನೋಡಿದಾಗ ಶರೀಫಾ ಅವರು ಕಣ್ಣುಜ್ಜಿಕೊಂಡರು. ಎರಡನೆಯ ಸಲ ಕನ್ನಡಕ ಹಾಕಿಕೊಂಡರು. ಮೂರನೆಯ ಸಲ ಅವನು ಮರಳಿ ಬಂದಾಗ ಏನೂ ಕೇಳದೆ ಮುಖ ತಿರುಗಿಸಿದರು. ಯೂಸುಫ್ ಭಾಯಿ ಮಾತ್ರ ಅವನನ್ನು ಮೂಸುವಷ್ಟು ಹತ್ತಿರ ಬಂದು ಕೂತು, “ಬದನೆಕಾಯಿ,” ಎಂದು ನಿಟ್ಟುಸಿರುಬಿಟ್ಟರು.

ಸೂರ್ಯ ಗುಡ್ಡಕ್ಕೆ ಇಳಿಯುವಾಗ ಚೌಕದಲ್ಲಿ ಮೇಜುಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲಿದ್ದುದನ್ನು ನೋಡಿ ಲಿಬೋರಿಯೋನ ಜೀವ ಹಾರಿತು. ಕೆಲಸ ಹೋದರೆ ಹೋಗಲಿ. ಇವರು ಅದನ್ನು ತಿನ್ನಬಾರದು. ದೊಡ್ಡಮ್ಮನನ್ನು ಮೂಲೆಗೆ ಎಳೆದು ಕಣ್ಣುಮುಚ್ಚಿ ಹೇಳಿಯೇಬಿಟ್ಟ:

“ದೊಡ್ಡಮ್ಮ, ಬಯ್ಯಬೇಡ. ಅವರು ಹಂದಿ ಕೊಬ್ಬು ಮುಟ್ಟಲ್ಲ. ನಿನ್ನ ಹಿಟ್ಟಿಗೆ ಹಾಕೋ ವೈನೂ ಕುಡಿಯಲ್ಲ.”

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಇದನ್ನ ನೀನು ನನಗೆ ಹೇಳಬೇಕಾ? ಮೂವತ್ತು ವರ್ಷದಿಂದ ಮಬ್ರೂಕಾ ಪಕ್ಕದ ಮನೇಲಿದ್ದಾಳೆ. ಅವಳ ಮಕ್ಕಳಿಗೆ ಹಬ್ಬದ ತಿಂಡಿ ಕರಿದುಕೊಟ್ಟೋಳು ಯಾರು, ನಿನ್ನ ಪ್ರೊಫೆಸರಾ? ಮೂರು ದಿನದಿಂದ ಊರಲ್ಲಿ ಒಂದು ಚಮಚ ಕೊಬ್ಬು ಮುಟ್ಟಿಲ್ಲ. ಎಲ್ಲಾ ಆಲಿವ್ ಎಣ್ಣೆ. ಬಾಣಲೆ ಕೂಡ ಅವಳದ್ದೇ.”

“ಬೆಳಿಗ್ಗೆ ಕನ್ನೋಲಿ?”

“ಅದೂ. ವೈನಿಗೆ ಬದಲು ಕಿತ್ತಳೆ ರಸ.”

“ಮತ್ತೆ ಹೇಳಲಿಲ್ಲ ಯಾಕೆ?”

“ನೀನು ಕೇಳಿದ್ಯಾ?”

ಅವನು ಕೇಳಿರಲಿಲ್ಲ.

ಗುಡ್ಡದ ಹಿಂದೆ ಸೂರ್ಯ ಮುಳುಗಿದ. ಮಬ್ರೂಕಾ ಸ್ವತಃ ಖರ್ಜೂರದ ತಟ್ಟೆ ತಂದಿಟ್ಟಳು. ಊರವರೂ ಅತಿಥಿಗಳೂ ಒಬ್ಬರ ಮುಖ ಒಬ್ಬರು ನೋಡಿ, ನೀವು ಮೊದಲು, ನೀವು ಮೊದಲು ಎಂದು ಕೈಸನ್ನೆ ಮಾಡಿ, ಕೊನೆಗೆ ಒಟ್ಟಿಗೇ ಬಾಯಿಗಿಟ್ಟುಕೊಂಡರು. ಆಮೇಲೆ ಹತ್ತು ನಿಮಿಷ ಯಾರಿಗೂ ಭಾಷೆ ಬೇಕಾಗಲಿಲ್ಲ. ಯೂಸುಫ್ ಭಾಯಿಯ ಕಣ್ಣಲ್ಲಿ ನೀರಿತ್ತು.

ಲಿಬೋರಿಯೋ ತಲೆಯೆತ್ತಿ ನೋಡುವಷ್ಟರಲ್ಲಿ ಒನೋಫ್ರಿಯೋ ಶರೀಫಾ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

“ಈ ಬಿಸಿಲಲ್ಲಿ, ಖಾಲಿ ಹೊಟ್ಟೇಲಿ, ಅಷ್ಟೊಂದು ಗುಡ್ಡ ಹತ್ತಿದಿರಿ. ದೊಡ್ಡ ಮನಸ್ಸು ಮೇಡಂ ನಿಮ್ಮದು,” ಎಂದ ಒನೋಫ್ರಿಯೋ.

“ನಾವೇನು ಮಾಡಿದ್ವಿ? ನಿಮ್ಮ ವ್ರತಕ್ಕೆ ಮರ್ಯಾದೆ ಕೊಟ್ವಿ ಅಷ್ಟೆ,” ಎಂದರು ಶರೀಫಾ.

“ನಮ್ಮ ವ್ರತವಾ? ನಾವು ನಿಮಗೋಸ್ಕರ...”

ಲಿಬೋರಿಯೋ ಕುರ್ಚಿಯ ಬೆನ್ನು ಹಿಡಿದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಂಥ ವಿನಯ, ತನ್ನ ವ್ರತದ ಪುಣ್ಯವನ್ನೂ ನಮ್ಮ ಮೇಲೆ ಹಾಕುತ್ತಿದ್ದಾನೆ ಎಂದು ಶರೀಫಾ ಅಂದುಕೊಂಡರು. ಎಂಥ ವಿನಯ, ಹರಕೆ ಹೊತ್ತದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿಲ್ಲ ಎಂದು ಒನೋಫ್ರಿಯೋ ಅಂದುಕೊಂಡ. ಇಬ್ಬರ ಕಣ್ಣೂ ತೇವವಾಯಿತು.

“ಇವತ್ತು ಇಲ್ಲಿ ಎಲ್ಲರೂ ಹಸಿದಿದ್ರು,” ಎಂದರು ಶರೀಫಾ.

“ಒಬ್ಬನ್ನ ಬಿಟ್ಟು,” ಎಂದ ಒನೋಫ್ರಿಯೋ.

ಇಬ್ಬರೂ ತಿರುಗಿ ಲಿಬೋರಿಯೋನನ್ನು ನೋಡಿದರು. ಅವರನ್ನು ನೋಡಿ ಇಡೀ ಮೇಜು ನೋಡಿತು.

ಶರೀಫಾ ಅವರು ಎದ್ದು ನಿಂತು, ಪ್ರಾರ್ಥನೆಯ ಹೊತ್ತಿನ ಶಾಲೆಯ ಮುಂದೆ ನಿಂತವರ ಹಾಗೆ ಗಟ್ಟಿಯಾಗಿ ಹೇಳಿದರು: ಪ್ರತಿವರ್ಷ ಇದೇ ದಿನ, ಈ ವ್ರತಕ್ಕಾಗಿಯೇ, ಎರಡು ಬಸ್ಸು ತುಂಬ ಜನರನ್ನು ಕರೆತರುತ್ತೇನೆ. ಒನೋಫ್ರಿಯೋ ಅದನ್ನು ಊರಿಗೆ ತಿಳಿಸಿದಾಗ ಮುದುಕರೆಲ್ಲ ಕುರ್ಚಿ ಬಡಿದು ಸಂತೋಷಪಟ್ಟರು.

“ಆದರೆ ಮಾರ್ಗದರ್ಶಿ ನೀವೇ ಆಗಬೇಕು, ಒನೋಫ್ರಿಯೋ ಅವರೇ.”

“ನಾನಾ? ನನಗೆ ಆ ಕಂಬದ ಬಗ್ಗೆ ಏನೂ ಗೊತ್ತಿಲ್ಲ ಮೇಡಂ.”

“ಕಂಬದ ವಯಸ್ಸು ಯಾರು ಬೇಕಾದ್ರೂ ಕಲೀಬಹುದು. ಹಸಿದವರ ಮುಂದೆ ಹೇಗಿರಬೇಕು ಅನ್ನೋದು ಕಲಿಸಿದ್ರೆ ಬರಲ್ಲ.”

ಲಿಬೋರಿಯೋ ಬಾಯಿ ತೆರೆದ. ಮೇಜಿನುದ್ದಕ್ಕೂ ನೋಡಿದ. ದೊಡ್ಡಮ್ಮ ಯೂಸುಫ್ ಭಾಯಿಯ ತಟ್ಟೆಗೆ ನಾಲ್ಕನೆಯ ಅನ್ನದುಂಡೆ ಹಾಕುತ್ತಿದ್ದಳು. ಅಗ್ರಿಪ್ಪೀನಾ ಲೆಸ್ಟರಿನ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ತನ್ನ ಮಂಡಿನೋವಿನ ಕತೆಯನ್ನು ತನ್ನ ಭಾಷೆಯಲ್ಲೇ ಹೇಳುತ್ತಿದ್ದಳು. ಅಜ್ಜಿ ಅರ್ಥವಾದವರ ಹಾಗೆ ತನ್ನ ಮಂಡಿ ತೋರಿಸುತ್ತಿದ್ದಳು. ಇದೆಲ್ಲ ಮುರಿಯಲು ಅವನ ಒಂದು ಮಾತು ಸಾಕಿತ್ತು. ಅವನು ಬಾಯಿ ಮುಚ್ಚಿದ.

ಸೋಮವಾರ ಗೋದಾಮಿನ ಕೆಲಸಕ್ಕೆ ಸೇರಿದ.

ಮುಂದಿನ ವರ್ಷ ಅದೇ ದಿನ ಕಲ್ತಮಾರ ಬೆಳಗಿನಿಂದಲೇ ಬಾಯಿ ಕಟ್ಟಿತು. ಅರಬರ ಕಾಲದಿಂದ ಊರು ಈ ವ್ರತವನ್ನು ಒಂದು ವರ್ಷವೂ ತಪ್ಪಿಸಿಲ್ಲ ಎಂದು ಒನೋಫ್ರಿಯೋ ಎರಡು ಬಸ್ಸಿನ ಜನರಿಗೆ ವಿವರಿಸಿದ. ಮುದುಕರು ಹೌದೆಂದು ತಲೆಯಾಡಿಸಿದರು. ದೊಡ್ಡಮ್ಮ ಲಿಬೋರಿಯೋನನ್ನು ಗೋದಾಮಿನಿಂದ ಕರೆತರಿಸಿ, ಈ ಸಲ ಏನೂ ತಿನ್ನದಂತೆ ಸಂಜೆಯವರೆಗೆ ತನ್ನ ಕಣ್ಣೆದುರಿನ ಕುರ್ಚಿಯಲ್ಲಿ ಕೂರಿಸಿದಳು. ಆ ವ್ರತವನ್ನು ಬಸ್ಸಿನ ಬಾಗಿಲು ತೆರೆಯುವಷ್ಟು ಹೊತ್ತಿನಲ್ಲಿ ಹುಟ್ಟಿಸಿದವನು ತಾನು ಎಂದು ಲಿಬೋರಿಯೋ ಯಾರಿಗೂ ಹೇಳಲಿಲ್ಲ.