ಪಾಪಿ ಬೇಕಾಗಿದ್ದಾನೆ

ಬೆಳಗ್ಗೆ ಬಿಷಪ್ಪರ ಫೋನು ಬಾರದೆ ಇದ್ದಿದ್ದರೆ ಪಾಸ್ಟರ್ ಗಾಡ್ಸ್‌ಪವರ್ ಇಡೆಮುಡಿಯಾ ಅವರಿಗೆ ಗಂಜಿಯಾದರೂ ಗಂಟಲಲ್ಲಿ ಇಳಿಯುತ್ತಿತ್ತು.

"ಎರಡು ವಾರ ಆಯ್ತಲ್ರೀ, ಒಂದಾದ್ರೂ ಆತ್ಮ ಸಿಕ್ತಾ?" ಎಂದು ಬಿಷಪ್ಪರು ಲಾಗೋಸಿನಿಂದ ಗುಡುಗಿದ್ದರು. "ಇವತ್ತು ಸಂಜೆಯೊಳಗೆ ದೀಕ್ಷಾಸ್ನಾನ ಮಾಡಿ ನೀರಿನಿಂದೆದ್ದ ಒಬ್ಬ ಪಾಪಿಯ ಫೋಟೋ ನನಗೆ ಬರ್ಬೇಕು. ಇಲ್ದಿದ್ರೆ ನಿಮ್ಮ ಚರ್ಚನ್ನ ನನ್ನ ಬಾಮೈದನಿಗೆ ಕೊಡ್ತೀನಿ. ಪಾಪ, ಅವನೂ ಸುಮ್ನೆ ಕೂತಿದ್ದಾನೆ."

ಮಲಾವಿ ಸರೋವರದ ದಡದ ಚಿಕವಾಲೆ ಹಳ್ಳಿಯನ್ನು ಉದ್ಧಾರ ಮಾಡಲು ಪಾಸ್ಟರು ಅಷ್ಟು ದೂರದಿಂದ ಬಂದಿದ್ದರು. ತೊಂದರೆಯೆಂದರೆ, ಉದ್ಧಾರವಾಗದೆ ಉಳಿದವರು ಅಲ್ಲಿ ಯಾರೂ ಇರಲಿಲ್ಲ. ಭಾನುವಾರ ಇಡೀ ಊರೇ ಚರ್ಚಿನಲ್ಲಿರುತ್ತಿತ್ತು. ನಾಯಿಗಳು ಕೂಡ ಬಾಗಿಲಲ್ಲಿ ಮಲಗಿ ಪ್ರಸಂಗ ಮುಗಿದ ಮೇಲೇ ಏಳುತ್ತಿದ್ದವು.

"ಎಸ್ನಾತಜ್ಜಿ, ಈ ಊರಲ್ಲಿ ಒಬ್ಬ ಪಾಪಿಯೂ ಇಲ್ವಾ?" ಪಾಸ್ಟರು ಗಂಜಿಯ ಬಟ್ಟಲು ಸರಿಸಿ ಕೇಳಿದರು.

ಅವರಿಗೆ ಮನೆ ಬಿಟ್ಟುಕೊಟ್ಟು ತಾನು ಅಡಿಗೆ ಗುಡಿಸಲಲ್ಲಿ ಮಲಗುತ್ತಿದ್ದ ಎಸ್ನಾತಜ್ಜಿಯ ಮುಖ ಬಾಡಿತು. ನೆಂಟರು ಕೇಳಿದಾಗ ಮನೆಯಲ್ಲಿ ಉಪ್ಪು ಮುಗಿದಿದ್ದರೆ ಹೇಗೋ ಹಾಗೆ.

"ಮೊದಲೇ ಹೇಳ್ಬಾರ್ದಿತ್ತೇ ಅಯ್ಯನೋರೆ? ಇರಿ, ವೈಸನ್‌ನ ಕರೀತೀನಿ."

ದರ್ಜಿ ವೈಸನ್ ಊರಿನ ಎಲ್ಲರ ಅಳತೆಯನ್ನೂ ಬಲ್ಲವನು, ಮನಸ್ಸಿನದೂ ಸೇರಿ. ಕತ್ತಿಗೆ ಟೇಪು ಹಾಕಿಕೊಂಡೇ ಓಡಿ ಬಂದ. "ಪಾಪಿಯೇ? ಛೇ, ಜೈರೋಸ್ ಮಾಮ ಇದ್ದಿದ್ರೆ..."

"ಶ್!" ಎಂದಳು ಅಜ್ಜಿ. "ಅವನು ಮಗಳ ಮನೇಲಿದ್ದಾನೆ. ಮಧ್ಯಾಹ್ನದ ದೋಣಿಗೆ ಬರ್ಬಹುದು. ಅಲ್ಲಿಯವರೆಗೆ ಬೇರೆ ಕಡೆ ತೋರಿಸು."

ವೈಸನ್ ಮೊದಲು ಸಾರಾಯಿ ಕಾಸುವವಳ ಅಂಗಳಕ್ಕೆ ಕರೆದುಕೊಂಡು ಹೋದ. ಪಾಸ್ಟರು ಹಂಡೆಯ ಕಡೆ ಬೆರಳು ಮಾಡಿ, "ತಂಗೀ, ಈ ನರಕದ ಬೆಂಕಿ..." ಎಂದು ಶುರುಮಾಡುವಷ್ಟರಲ್ಲಿ ಆಕೆ ಕೈಯೊರೆಸಿಕೊಂಡು ಬಂದಳು.

"ಅಯ್ಯೋ ಅಯ್ಯನೋರೇ, ಚರ್ಚಿನ ಮಹಿಳಾ ಸಂಘದ ಅಧ್ಯಕ್ಷಿಣಿ ನಾನೇ! ಅಲ್ಲಿನ ಬೆಂಚು ಮಾಡ್ಸಿದ್ದೂ ಈ ಹಂಡೆಯ ದುಡ್ಡಿಂದಲೇ. ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ." ನೆರಳಿಗೆ ಸ್ಟೂಲು ಹಾಕಿ, ನೆಲಗಡಲೆ ಹುರಿದು ಕೊಟ್ಟಳು.

ಅಲ್ಲಿಂದ ಬೇರು-ನಾರಿನ ಮಾಂತ್ರಿಕನ ಗುಡಿಸಲಿಗೆ. ಬಾಗಿಲಲ್ಲಿ ಹಾವಿನ ಪೊರೆ ಕಂಡು ಪಾಸ್ಟರ ಕಣ್ಣು ಮಿಂಚಿತು. ಒಳಗೆ ಮಾಂತ್ರಿಕ ಮಂಡಿಯೂರಿ ಪ್ರಾರ್ಥಿಸುತ್ತಿದ್ದ.

"ಬೈಬಲ್ಲಿನ ಕೀರ್ತನೆ ಓದಿಸದೆ ನಾನು ಯಾರಿಗೂ ಬೇರು ಕೊಡೋದಿಲ್ಲ," ಎಂದ ಆತ ನೊಂದುಕೊಂಡು. "ನಿಮ್ಮ ಕಾಲು ಊದಿದೆ ನೋಡಿ. ಎಣ್ಣೆ ಹಚ್ಚಲೇ?"

ಹಚ್ಚಿಸಿಕೊಂಡರು. ಎಣ್ಣೆಗಾಲಲ್ಲಿ ನಡೆಯುವಾಗ ಜಾರಿ ಬಿದ್ದರು, ಪ್ಯಾಂಟು ಹರಿಯಿತು. ವೈಸನ್ ದಾರಿಯಲ್ಲೇ ನಿಲ್ಲಿಸಿ ಹಿಂದಿನಿಂದ ಹೊಲಿಗೆ ಹಾಕಿದ. ಅದನ್ನು ನೋಡಲು ಅರ್ಧ ಊರು ನೆರೆಯಿತು. ಸುದ್ದಿ ತಿಳಿದದ್ದೇ ಎಲ್ಲರೂ ಸಲಹೆ ಕೊಡುವವರೇ.

"ನನ್ನ ಗಂಡನ್ನ ಕರ್ಕೊಂಡು ಹೋಗಿ, ದೊಡ್ಡ ಪಾಪಿ!"

"ಹೋಗೇ, ನಿನ್ನ ಗಂಡ ಸೋಮಾರಿ. ಸೋಮಾರಿತನಕ್ಕೆಲ್ಲ ಮುಳುಗಿಸ್ತಾರಾ?"

ಪಾಸ್ಟರು ಬಾವೊಬಾಬ್ ಮರದ ಬುಡದಲ್ಲಿ ಕುಸಿದು ತಲೆ ಮೇಲೆ ಕೈ ಹೊತ್ತರು. ಲಾಗೋಸಿನ ತಮ್ಮ ವೇದಿಕೆಯ ಮೇಲೆ ಬಾಮೈದ ಕೈಬೀಸುತ್ತಿರುವುದು ಕಣ್ಣಿಗೆ ಕಟ್ಟಿತು.

ಆಗಲೇ ದೋಣಿ ದಡಕ್ಕೆ ಬಂತು. ಒಣಮೀನಿನಂತೆ ಸಪುರವಾದ ಮುದುಕನೊಬ್ಬ ಇಳಿದ. ಎಸ್ನಾತಜ್ಜಿ ಅವನ ಕಿವಿಯಲ್ಲಿ ಏನೋ ಉಸುರಿದಳು. ಅವನು ಗಂಟನ್ನು ಅವಳ ಕೈಗೆ ಕೊಟ್ಟ. ನೆಟ್ಟಗೆ ಬಂದು ಪಾಸ್ಟರ ಕಾಲಿಗೆ ಬಿದ್ದ.

"ನಾನು ಪಾಪಿ ಜೈರೋಸ್! ರಾತ್ರಿ ಮೊಸಳೆಯಾಗಿ ತಿರುಗಿದೋನು! ನನ್ನ ನೆರಳು ಬಿದ್ರೆ ಬಲೆಯಲ್ಲಿ ಮೀನು ಸಾಯ್ತಿತ್ತು! ನನಗೂ ಬಿಡುಗಡೆ ಉಂಟೇ ಸ್ವಾಮೀ?"

ಇಂಥ ಪಾಪಿಯನ್ನು ಪಾಸ್ಟರು ಕನಸಿನಲ್ಲೂ ಕಂಡಿರಲಿಲ್ಲ. ಹಲ್ಲೆಲೂಯ ಎಂದು ಕೂಗಿ ಅವನನ್ನು ಎತ್ತಿಕೊಂಡೇ ಸರೋವರಕ್ಕೆ ಓಡಿದರು.

ದಕ್ಷಿಣದ ಗಾಳಿ ಎದ್ದು ಅಲೆಗಳು ಕುದುರೆಗಳಂತೆ ನೆಗೆಯುತ್ತಿದ್ದವು. ಎದೆಮಟ್ಟದ ನೀರಲ್ಲಿ ಪಾಸ್ಟರೇ ತೇಲತೊಡಗಿದಾಗ ಜೈರೋಸ್ ಅವರ ಮೊಣಕೈ ಹಿಡಿದ. "ಹಿಮ್ಮಡಿ ಮರಳಲ್ಲಿ ಊರಿ ಅಯ್ಯನೋರೆ. ಈ ಅಲೆ ಹೋಗ್ಲಿ. ಹಾಂ, ಈಗ ಮುಳುಗ್ಸಿ." ಎದ್ದವನು ಬಿಸಿಲಿನ ಕಡೆ ಮುಖ ತಿರುಗಿಸಿ ಕೈಯೆತ್ತಿ ಅತ್ತ. ವೈಸನ್ ಫೋಟೋ ತೆಗೆದ. ದಡದಲ್ಲಿ ಹೆಂಗಸರು ಕಂಬಳಿ, ಶುಂಠಿ ಚಹಾ ಹಿಡಿದು ಸಿದ್ಧರಾಗಿ ನಿಂತಿದ್ದರು. ಎಂಥ ಮುಂದಾಲೋಚನೆಯ ಜನ ಎಂದು ಪಾಸ್ಟರ ಹೃದಯ ತುಂಬಿ ಬಂತು.

ಗುಡ್ಡ ಹತ್ತಿ, ಫೋಟೋ ಹೋಗುವಷ್ಟು ಸಿಗ್ನಲ್ ಹುಡುಕಿ ಕಳಿಸಿದರು. ಕಳಿಸಿದ್ದೇ ತಡ ಫೋನು ಹೊಡೆದುಕೊಂಡಿತು.

"ಇವನು ಮೊಸಳೆ ಕತೆ ಹೇಳಿದ್ನಾ?" ಬಿಷಪ್ಪರ ದನಿ ಯಾಕೋ ಬಹಳ ತಗ್ಗಿತ್ತು.

"ಹೌದು ಸ್ವಾಮಿ! ನಿಮಗೆ ಹೇಗೆ..."

"ಹನ್ನೆರಡು ವರ್ಷದ ಹಿಂದೆ ಅವನನ್ನ ಅದೇ ನೀರಲ್ಲಿ ಮುಳುಗಿಸಿದ್ದು ನಾನು! ಆ ಫೋಟೋ ನೋಡೇ ನನ್ನನ್ನ ಬಿಷಪ್ ಮಾಡಿದ್ದು! ಇದು ಹೊರಗೆ ಬಿದ್ರೆ ನನ್ನ ಗತಿ ಏನ್ರೀ? ಅಳಿಸಿ ಹಾಕಿ. ಮತ್ತೆ ಈ ಕಡೆ ತಲೆ ಹಾಕ್ಬೇಡಿ. ನಾಳೆಯಿಂದ ನಿಮ್ಮ ಚರ್ಚಿಗೆ ನನ್ನ ಬಾಮೈದನೇ ಪಾಸ್ಟರು."

ಪಾಸ್ಟರು ಗುಡ್ಡದಿಂದ ಉರುಳುಗಲ್ಲಿನಂತೆ ಇಳಿದು ಬಂದರು. ಜೈರೋಸ್ ಕಂಬಳಿ ಹೊದ್ದು ಅಜ್ಜಿಯ ಜಗಲಿಯಲ್ಲಿ ಸೀನುತ್ತಿದ್ದ.

"ಎಷ್ಟು ಸಲ ಮುಳುಗಿದ್ದೀಯಪ್ಪಾ ನೀನು?"

"ಲೆಕ್ಕ ಇಟ್ಟಿಲ್ಲ ಅಯ್ಯನೋರೆ. ದೇವರ ಹತ್ರ ಇರುತ್ತೆ."

"ಬೈಬೇಡಿ," ಎಂದಳು ಎಸ್ನಾತಜ್ಜಿ. "ಜನ ಸಮುದ್ರ ದಾಟಿ ಬರ್ತಾರೆ. ಬಂದೋರನ್ನ ಬರಿಗೈಲಿ ಕಳ್ಸೋಕಾಗುತ್ತಾ? ಮೊದಲೆಲ್ಲ ಕೋಳಿ ಕೊಡ್ತಿದ್ವಿ. ಅವರಿಗೆ ಕೋಳಿ ಬೇಡ, ಪಾಪಿ ಬೇಕು. ನಮ್ಮಲ್ಲಿ ಚೆನ್ನಾಗಿ ಅಳೋಕೆ ಬರೋದು ಇವನೊಬ್ಬನಿಗೇ."

ಆಕೆ ಜೈರೋಸನ ಹಣೆ ಮುಟ್ಟಿ ನೋಡಿ ಗಾಬರಿಯಾದಳು. "ಮೈ ಕೆಂಡ ಆಗಿದೆ! ನಾಳೆ ನೀರಿಗಿಳಿಯೋ ಹಾಗಿಲ್ಲ."

"ನಾಳೆ ಬೆಳಗ್ಗೆ ಕೊರಿಯಾದವ್ರು ಬರ್ತಿದ್ದಾರಲ್ಲಜ್ಜಿ!" ಎಂದ ವೈಸನ್. "ಎರಡು ವಿಮಾನ ಹತ್ತಿಳಿದು ಬರೋರು, ಪಾಪ."

ಜಗಲಿಯಲ್ಲಿದ್ದವರೆಲ್ಲ ಸೀನುತ್ತಿದ್ದ ಜೈರೋಸನನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಪಾಸ್ಟರ ಕಡೆ ತಿರುಗಿದರು.

"ಅಯ್ಯನೋರೆ," ಅಜ್ಜಿ ಮೆತ್ತಗೆ ಕೇಳಿದಳು, "ಕೊರಿಯಾದಲ್ಲಿ ನಿಮ್ಮ ಗುರುತು ಇರೋರು ಯಾರೂ ಇಲ್ವಲ್ಲ?"

'ನಾನೊಬ್ಬ ಪಾಸ್ಟರು' ಎನ್ನಲು ಬಾಯಿ ತೆರೆದರು. ಈಗ ಅದು ಕೂಡ ಅಲ್ಲವೆಂಬುದು ನೆನಪಾಯಿತು. ಊರಿಲ್ಲ, ಚರ್ಚಿಲ್ಲ. ಎರಡು ವಾರದಿಂದ ತಿಂದದ್ದೆಲ್ಲ ಈ ಜನರ ಮುದ್ದೆ. ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ದಳದಳನೆ ಇಳಿಯಿತು.

ಜೈರೋಸ್ ಮೆಚ್ಚುಗೆಯಿಂದ ನೋಡಿದ. ಚಾಪೆಯಲ್ಲಿ ಸರಿದು ಜಾಗ ಮಾಡಿಕೊಟ್ಟು, ಕಂಬಳಿಯ ಅರ್ಧವನ್ನು ಅವರ ಹೆಗಲಿಗೆ ಹೊದಿಸಿದ.

"ಬಹಳ ಚೆನ್ನಾಗಿದೆ ಅಯ್ಯನೋರೆ. ಆದ್ರೆ ಎಲ್ಲ ಈಗ್ಲೇ ಖರ್ಚು ಮಾಡ್ಬೇಡಿ. ಒಂದಿಷ್ಟು ನಾಳೆಗಿಟ್ಕೊಳ್ಳಿ."